ಬೂದಿ ಕಡಲಿಗೆ, ಪಾದ್ರಿ ದಡದಲ್ಲಿ

ಕ್ರೈಸ್ತರೊಬ್ಬರ ಚಿತಾಭಸ್ಮವನ್ನು ಮನೆಯವರು ಕಡಲಿಗೆ ಬಿಡುವಾಗ ದೋಣಿಯಲ್ಲಿ ಪಾದ್ರಿ ಇರಬೇಕು, ಪ್ರಾರ್ಥನೆ ನಡೆಯಬೇಕು, ತೀರಿಹೋದವರ ಹೆಸರು ಧರ್ಮಕೇಂದ್ರದ ದಫ್ತರಿನಲ್ಲಿ ದಾಖಲಾಗಬೇಕು. ಕ್ಯಾಥೊಲಿಕ್ ಧರ್ಮಸಭೆ ಇದಕ್ಕೆ ಇವತ್ತಿಗೂ ಒಪ್ಪಿಲ್ಲ. ಒಪ್ಪದಿರಲು ಅದು ಮುಂದಿಡುವ ಕಾರಣಕ್ಕೆ ಅದೇ ಧರ್ಮಸಭೆ 1963ರಲ್ಲೇ ಉತ್ತರ ಕೊಟ್ಟಾಗಿದೆ. ಪರ ಮತ್ತು ವಿರೋಧ ಎರಡೂ ಕಡೆಯವರು ಆ ಉತ್ತರವನ್ನು ತೆಗೆದು ನೋಡದೆ ವಾದಿಸುತ್ತಿದ್ದಾರೆ.

ವಾದ ಮತ್ತೆ ಕಾವೇರಿದ್ದು 2023ರ ಡಿಸೆಂಬರ್ 9ರ ವ್ಯಾಟಿಕನ್ ಟಿಪ್ಪಣಿಯಿಂದ. ಇಟಲಿಯ ಬೊಲೊನ್ಯಾದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಮತ್ತೇಯೊ ಜುಪ್ಪಿ ಎರಡು ಪ್ರಶ್ನೆ ಕೇಳಿದ್ದರು. ಹಲವರ ಬೂದಿಯನ್ನು ಒಂದೇ ಪವಿತ್ರ ಸ್ಥಳದಲ್ಲಿ ಬೆರೆಸಿ ಇಡಬಹುದೇ? ಬೂದಿಯ ಚೂರು ಭಾಗವನ್ನು ಮನೆಯವರು ಸತ್ತವರಿಗೆ ಪ್ರಿಯವಾಗಿದ್ದ ಜಾಗದಲ್ಲಿ ಇಟ್ಟುಕೊಳ್ಳಬಹುದೇ? ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗದ ಮುಖ್ಯಸ್ಥ ಕಾರ್ಡಿನಲ್ ವಿಕ್ಟರ್ ಮ್ಯಾನುಯೆಲ್ ಫೆರ್ನಾಂಡಿಸ್ ಎರಡಕ್ಕೂ ಷರತ್ತು ಹಾಕಿ ಹೌದು ಎಂದರು. ಅಂದಿನಿಂದ ಒಂದು ಬಣ ‘ರೋಮ್ ಸಡಿಲವಾಯಿತು, ಇನ್ನು ಬೂದಿಯನ್ನು ಎಲ್ಲಿಗೆ ಬೇಕಾದರೂ ಬಿಡಬಹುದು’ ಎಂದು ಬರೆಯುತ್ತಿದೆ. ಅದು ಸುಳ್ಳು. ಗಾಳಿಗೆ, ನೆಲಕ್ಕೆ, ನೀರಿಗೆ ಬೂದಿ ಬಿಡಕೂಡದೆಂಬ 2016ರ ನಿಷೇಧವನ್ನು ಟಿಪ್ಪಣಿ ಮುಟ್ಟಿಲ್ಲ. ಇನ್ನೊಂದು ಬಣ ‘ನಿಷೇಧ ಸಿದ್ಧಾಂತದ್ದು, ಅದನ್ನು ಅಲುಗಿಸುವಂತಿಲ್ಲ’ ಎನ್ನುತ್ತಿದೆ. ಇದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಇಂಥದೇ ಮಾತನ್ನು ಧರ್ಮಸಭೆ ದಹನದ ಬಗ್ಗೆ 77 ವರ್ಷ ಹೇಳಿ, ಆಮೇಲೆ ತಾನೇ ಹಿಂತೆಗೆದುಕೊಂಡಿತು.

ಆ 77 ವರ್ಷಗಳ ಕಥೆಯನ್ನು ಸರಿಯಾಗಿ ನೋಡಬೇಕು. 1876ರಲ್ಲಿ ಮಿಲಾನಿನ ಸ್ಮಶಾನದಲ್ಲಿ ದಹನಾಗಾರ ಶುರುವಾಯಿತು. ಅದರ ಹಿಂದೆ ಇದ್ದವರಲ್ಲಿ ಫ್ರೀಮೇಸನ್ನರೂ ಚರ್ಚ್‌ವಿರೋಧಿ ಚಿಂತಕರೂ ಬಹಳ. ಸತ್ತ ಮೇಲೆ ಏನೂ ಇಲ್ಲ, ಪುನರುತ್ಥಾನವೆಂಬುದು ಕಟ್ಟುಕತೆ ಎಂದು ಸಾರುವುದಕ್ಕೆ ಹೆಣ ಸುಡುವುದೇ ಒಂದು ಘೋಷಣೆಯಾಗಿತ್ತು. ರೋಮ್ ಕೆರಳಿತು. 1886ರ ಮೇ ತಿಂಗಳಲ್ಲಿ ಪೋಪ್ ಹದಿಮೂರನೆಯ ಲಿಯೋ ಕಾಲದಲ್ಲಿ ವಿಶ್ವಾಸದ ವಿಷಯ ನೋಡಿಕೊಳ್ಳುತ್ತಿದ್ದ ವ್ಯಾಟಿಕನ್ ಕಚೇರಿ ಹೋಲಿ ಆಫೀಸ್ ದಹನವನ್ನು ನಿಷೇಧಿಸಿತು. 1917ರ ಧರ್ಮಸಂಹಿತೆ ಅದನ್ನು ಗಟ್ಟಿಮಾಡಿ, ಸುಡಬೇಕೆಂದು ಅಪ್ಪಣೆ ಕೊಟ್ಟು ಸತ್ತವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನೇ ನಿರಾಕರಿಸಿತು. ಬೇರೆ ಬೇರೆ ಕಾರಣಗಳಿಗೆ ದಹನ ಬಯಸಿದ ಸಾಮಾನ್ಯ ವಿಶ್ವಾಸಿಗಳೂ ಆ ಶಿಕ್ಷೆಗೆ ಸಿಕ್ಕಿದರು. ಅವರ ಮನೆಯವರು ಪ್ರಾರ್ಥನೆಯಿಲ್ಲದೆ ಅವರನ್ನು ಕಳಿಸಿಕೊಟ್ಟರು.

1963ರ ಜುಲೈನಲ್ಲಿ ಹೋಲಿ ಆಫೀಸ್ ಇನ್ನೊಂದು ಸೂಚನೆ ಹೊರಡಿಸಿತು. ಅದರ ತಿರುಳು ಇಷ್ಟು: ದೇಹವನ್ನು ಸುಡುವುದು ತನ್ನಷ್ಟಕ್ಕೆ ಆತ್ಮವನ್ನು ಮುಟ್ಟುವುದಿಲ್ಲ, ದೇವರು ದೇಹವನ್ನು ಎಬ್ಬಿಸುವುದಕ್ಕೆ ಅಡ್ಡಿಯಾಗುವುದಿಲ್ಲ, ಆದ್ದರಿಂದ ಕ್ರೈಸ್ತ ವಿಶ್ವಾಸವನ್ನು ಧಿಕ್ಕರಿಸಲೆಂದೇ ದಹನವನ್ನು ಆರಿಸಿದವರನ್ನು ಬಿಟ್ಟು ಉಳಿದವರಿಗೆ ಸಂಸ್ಕಾರ ನಿರಾಕರಿಸಕೂಡದು. ಒಂದೇ ಒಂದು ಸಿದ್ಧಾಂತ ಬದಲಾಗಲಿಲ್ಲ. ಬದಲಾದದ್ದು ಅಳೆಯುವ ಕೋಲು. ಅಲ್ಲಿಯವರೆಗೆ ಕ್ರಿಯೆಯನ್ನು ಅಳೆಯುತ್ತಿದ್ದ ರೋಮ್ ಅಂದಿನಿಂದ ಉದ್ದೇಶವನ್ನು ಅಳೆಯತೊಡಗಿತು. 1983ರ ಸಂಹಿತೆಯ 1176ನೇ ನಿಯಮ ಇದೇ ಕೋಲನ್ನು ಕಾನೂನಾಗಿಸಿತು.

ಆದರೂ 1963ರಲ್ಲಿ ಅರೆಮನಸ್ಸು ಉಳಿದಿತ್ತು. ದಹನಕ್ಕೆ ಅಡ್ಡಿಯಿಲ್ಲ, ಆದರೆ ದಹನಾಗಾರದಲ್ಲಿ ಸಂಸ್ಕಾರ ವಿಧಿ ನಡೆಸಕೂಡದು ಎಂದಿತ್ತು ಆ ಸೂಚನೆ. ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ ಗುರುಗಳು ಹಿಂದುಳಿಯಬೇಕು, ಮನೆಯವರಷ್ಟೇ ಪೆಟ್ಟಿಗೆಯ ಜತೆ ಮುಂದೆ ಹೋಗಬೇಕು. ಈ ವ್ಯವಸ್ಥೆ ಎಷ್ಟು ಕಾಲ ನಿಂತಿತು? ಆರು ವರ್ಷ. 1969ರ ಹೊಸ ಅಂತ್ಯವಿಧಿ ಗ್ರಂಥ, ಅಪಾರ್ಥಕ್ಕೆ ಎಡೆಯಿಲ್ಲದಿದ್ದರೆ ದಹನಾಗಾರದ ಕಟ್ಟಡದಲ್ಲೇ ಪ್ರಾರ್ಥನೆ ನಡೆಸಬಹುದೆಂದು ಒಪ್ಪಿತು. ಅನುಮತಿ ಕೊಟ್ಟು ಗುರುವನ್ನು ಹಿಂದೆ ನಿಲ್ಲಿಸಿಕೊಳ್ಳುವುದು ನಡೆಯುವ ಮಾತಲ್ಲ ಎಂದು ರೋಮಿಗೆ ಆರು ವರ್ಷದಲ್ಲಿ ಮನವರಿಕೆಯಾಗಿತ್ತು. ಸಮುದ್ರದ ವಿಷಯದಲ್ಲಿ ಅದೇ ಅರೆಮನಸ್ಸು ಈಗ ಮರಳಿ ಬಂದಿದೆ.

2016ರ ಸೂಚನೆಯನ್ನು ತೆರೆಯಿರಿ. ಆಗಸ್ಟ್ 15ರ ದಿನಾಂಕ, ಹೊರಬಿದ್ದದ್ದು ಅಕ್ಟೋಬರ್ ಕೊನೆಯಲ್ಲಿ, ಸಹಿ ಕಾರ್ಡಿನಲ್ ಗೆರ್ಹಾರ್ಡ್ ಮುಲ್ಲರ್ ಅವರದು. ಏಳನೇ ಪರಿಚ್ಛೇದ ಬೂದಿಯನ್ನು ಚೆಲ್ಲುವುದನ್ನು ಸಾರಾಸಗಟಾಗಿ ನಿಷೇಧಿಸುತ್ತದೆ. ಕಾರಣ: ಸರ್ವೇಶ್ವರವಾದ, ಪ್ರಕೃತಿವಾದ, ಶೂನ್ಯವಾದಗಳ ತೋರಿಕೆಯೂ ಇರಬಾರದು. ಗಮನಿಸಿ, ತೋರಿಕೆ. ಆ ವಾದಗಳನ್ನು ನಂಬಿದವರನ್ನಷ್ಟೇ ಅಲ್ಲ, ನಂಬಿದಂತೆ ಯಾರಿಗೋ ಕಾಣಬಹುದಾದವರನ್ನೂ ಅದು ತಡೆಯುತ್ತದೆ. ಇದು 1886ರ ಕೋಲು. ಮುಂದಿನ ಪರಿಚ್ಛೇದಕ್ಕೆ ಬನ್ನಿ. ಯಾರಿಗೆ ಅಂತ್ಯಸಂಸ್ಕಾರ ನಿರಾಕರಿಸಬೇಕು? ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧವಾದ ಕಾರಣಗಳಿಂದ ದಹನವನ್ನೂ ಬೂದಿ ಚೆಲ್ಲುವುದನ್ನೂ ಬಹಿರಂಗವಾಗಿ ಬಯಸಿದವರಿಗೆ. ಇದು 1963ರ ಕೋಲು. ಒಂದೇ ದಸ್ತಾವೇಜಿನ ಅಕ್ಕಪಕ್ಕದ ಪರಿಚ್ಛೇದಗಳಲ್ಲಿ ಎರಡು ಕೋಲುಗಳು.

ಪರಿಣಾಮವನ್ನು ನೋಡೋಣ. ಬದುಕಿಡೀ ಕಡಲಲ್ಲಿ ದುಡಿದ ಒಬ್ಬ ಕ್ಯಾಥೊಲಿಕ್ ವಿಶ್ವಾಸಿ, ‘ದೇವರು ಕೊಟ್ಟ ಈ ನೀರು ನನ್ನನ್ನು ಸಾಕಿತು, ನನ್ನನ್ನು ಅಲ್ಲೇ ಒಪ್ಪಿಸಿ, ಕೊನೆಯ ದಿನ ಆತ ಅಲ್ಲಿಂದಲೇ ಎಬ್ಬಿಸುತ್ತಾನೆ’ ಎಂದು ಹೇಳಿ ಸತ್ತನೆನ್ನಿ. ಎಂಟನೇ ಪರಿಚ್ಛೇದದ ಪ್ರಕಾರ ಆತನಿಗೆ ಬಲಿಪೂಜೆ ನಿರಾಕರಿಸುವಂತಿಲ್ಲ. ಏಳನೆಯದರ ಪ್ರಕಾರ ಆತನ ಬೂದಿಯೊಡನೆ ದೋಣಿ ಹತ್ತುವಂತಿಲ್ಲ. ದೇಹವನ್ನು ಹರಸಿದ ಗುರುಗಳು ಮೂರನೆಯ ದಿನ ದಡದಲ್ಲೇ ಉಳಿಯುತ್ತಾರೆ. ಎರಡು ಮೂರು ಕಿಲೋ ಬೂದಿ ಕೈಯಲ್ಲಿ ಹಿಡಿದ ಮಕ್ಕಳಿಗೆ ಆ ಹೊತ್ತಿಗೆ ಹೇಳಲು ಒಂದು ಮಾತನ್ನೂ ಧರ್ಮಸಭೆ ಕೊಟ್ಟಿಲ್ಲ. ಇಂಥ ಮನೆಗಳು ಪಾಶ್ಚಾತ್ಯ ದೇಶಗಳಲ್ಲಿ ಈಗ ಬೆರಳೆಣಿಕೆಯಷ್ಟಲ್ಲ. ಬ್ರಿಟನ್ನಿನಲ್ಲಿ ಐದು ಅಂತ್ಯಸಂಸ್ಕಾರಗಳಲ್ಲಿ ಸುಮಾರು ನಾಲ್ಕು ದಹನವೇ. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು. ಆ ಶೂನ್ಯವನ್ನು ತುಂಬಲು ಬಾಡಿಗೆಗೆ ಬರುವ ನಿರೂಪಕರಿದ್ದಾರೆ, ದೋಣಿಯ ಕಂಪನಿಗಳಿವೆ. ಶೂನ್ಯವಾದಕ್ಕೆ ಹೆದರಿದ ಧರ್ಮಸಭೆ ತನ್ನ ಮಕ್ಕಳನ್ನು ದೇವರ ಹೆಸರಿಲ್ಲದ ವಿಧಿಗೆ ತಾನೇ ಒಪ್ಪಿಸುತ್ತಿದೆ. ನನ್ನನ್ನು ಹೆಚ್ಚು ನೋಯಿಸುವುದು ಇದು.

ನೀರಿಗೆ ಹೋದ ಬೂದಿಯ ಬಗ್ಗೆ ಕ್ರೈಸ್ತ ಪರಂಪರೆಗೆ ಭಯವಿತ್ತೇ? ಕ್ರಿ.ಶ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆದದ್ದನ್ನು ಯುಸೇಬಿಯಸ್ ತನ್ನ ಧರ್ಮಸಭಾ ಇತಿಹಾಸದ ಐದನೇ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಬ್ಲಾಂಡಿನಾ ಎಂಬ ದಾಸಿ, ಮುದಿ ಧರ್ಮಾಧ್ಯಕ್ಷ ಪೊಥಿನಸ್ ಮತ್ತವರ ಸಂಗಡಿಗರನ್ನು ಕೊಂದ ಮೇಲೆ ಅವರ ದೇಹಗಳನ್ನು ಆರು ದಿನ ಬಯಲಲ್ಲಿ ಬಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿಹಾಕಿದರು. ಕೊಂದವರ ಲೆಕ್ಕ ಸ್ಪಷ್ಟವಿತ್ತು: ಗುರುತೂ ಉಳಿಯದಂತೆ ಮಾಡಿದರೆ ಇವರ ಪುನರುತ್ಥಾನದ ಆಸೆ ಅಲ್ಲಿಗೆ ಮುಗಿಯುತ್ತದೆ. ಧರ್ಮಸಭೆ ಕೊಟ್ಟ ಉತ್ತರ, ಅವರನ್ನು ಹುತಾತ್ಮರೆಂದು ಪೂಜಿಸಿದ್ದು. ಜೂನ್ 2ರಂದು ಇಂದಿಗೂ ಅವರ ಸ್ಮರಣೆ ನಡೆಯುತ್ತದೆ, ಸಮಾಧಿಯಿಲ್ಲದೆ. 1431ರಲ್ಲಿ ರೂಆನ್ ಪಟ್ಟಣದಲ್ಲಿ ಸುಟ್ಟ ಜೋನ್ ಆಫ್ ಆರ್ಕ್‌ಳ ಅವಶೇಷವನ್ನು ಸೇನ್ ನದಿಗೆ ಎಸೆದರು. 1920ರಲ್ಲಿ ರೋಮ್ ಆಕೆಯನ್ನು ಸಂತಳೆಂದು ಘೋಷಿಸಿತು. ದಹನ ಬಯಸಿದವರಿಗೆ ಸಂಸ್ಕಾರವಿಲ್ಲ ಎಂದ ಸಂಹಿತೆ ಬಂದು ಆಗ ಮೂರೇ ವರ್ಷ. ಸಂತ ಆಗಸ್ಟೀನ್ ‘ದೇವರ ನಗರ’ದ ಮೊದಲ ಪುಸ್ತಕದಲ್ಲೇ, ಹೂಳಲು ಸಿಗದ ದೇಹಗಳಿಂದ ವಿಶ್ವಾಸಿಗಳಿಗೆ ಯಾವ ನಷ್ಟವೂ ಇಲ್ಲವೆಂದು ಸಾಧಿಸಿದ. ಆತನ ತಾಯಿ ಮೋನಿಕಾ 387ರಲ್ಲಿ ಓಸ್ತಿಯಾದಲ್ಲಿ ಸಾಯುವಾಗ ಹುಟ್ಟೂರಿನ ಗೋರಿಯ ಆಸೆಯನ್ನು ಬಿಟ್ಟು, ದೇಹವನ್ನು ಎಲ್ಲಿ ಬೇಕಾದರೂ ಇಡಿ, ಪೀಠದ ಬಳಿ ನನ್ನನ್ನು ನೆನೆಯಿರಿ ಎಂಬರ್ಥದ ಮಾತಾಡಿದಳು.

ಇವರು ಯಾರೂ ಬೂದಿಯಾಗುವುದನ್ನು ತಾವಾಗಿ ಆರಿಸಿಕೊಂಡವರಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ. ಆಯ್ಕೆಯೇ ಪ್ರಶ್ನೆಯಾದರೆ ಉದ್ದೇಶವನ್ನು ಕೇಳಬೇಕಾಗುತ್ತದೆ, ಅಲ್ಲಿಗೆ ಮತ್ತೆ 1963ಕ್ಕೆ ಬಂದು ನಿಂತೆವು.

ಅಮೆರಿಕದಲ್ಲಿ ಈ ಗೊಂದಲ ಇನ್ನೂ ಸಣ್ಣ ಅಂತರದಲ್ಲಿ ನಿಂತಿದೆ. ಅಲ್ಲಿನ ಧರ್ಮಾಧ್ಯಕ್ಷರು 1997ರಲ್ಲಿ ಸೇರಿಸಿದ ಅಂತ್ಯವಿಧಿಯ ಅನುಬಂಧ ಬೂದಿಯನ್ನು ನೀರ ಮೇಲೆ ಚೆಲ್ಲುವುದನ್ನು ಒಪ್ಪುವುದಿಲ್ಲ. ಆದರೆ ಭಾರದ ಪಾತ್ರೆಯಲ್ಲಿ ಮುಚ್ಚಿ ಮುಳುಗಿಸಿದರೆ ಅದು ಸಮುದ್ರ ಸಮಾಧಿ, ಗುರುಗಳು ಬರಬಹುದು. ಈಗ ಉಪ್ಪಿನಿಂದ ಮಾಡಿದ, ನೀರಲ್ಲಿ ಕರಗುವ ಪಾತ್ರೆಗಳು ಅಂಗಡಿಯಲ್ಲಿ ಸಿಗುತ್ತವೆ. ಮುಳುಗಿ ಕೆಲವು ಗಂಟೆಗಳಲ್ಲಿ ಪಾತ್ರೆ ಇಲ್ಲ, ಬೂದಿ ನೀರಿನಲ್ಲಿ. ಕೆಲವು ಗಂಟೆಗಳ ಅಂತರ ಪುನರುತ್ಥಾನದ ನಂಬಿಕೆಯನ್ನೂ ಸರ್ವೇಶ್ವರವಾದವನ್ನೂ ಬೇರ್ಪಡಿಸುತ್ತದೆಂದು ಯಾವ ದೇವಶಾಸ್ತ್ರಜ್ಞ ಎದೆತಟ್ಟಿ ಹೇಳಿಯಾನು? ಜಾನ್ ಎಫ್. ಕೆನಡಿ ಜೂನಿಯರ್, ಆತನ ಪತ್ನಿ ಮತ್ತು ನಾದಿನಿ 1999ರಲ್ಲಿ ವಿಮಾನ ಬಿದ್ದು ಸತ್ತಾಗ, ಜುಲೈ 22ರಂದು ನೌಕಾಪಡೆಯ ಬ್ರಿಸ್ಕೊ ಹಡಗಿನಿಂದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಳಿ ಅವರ ಬೂದಿಯನ್ನು ಕಡಲಿಗೆ ಒಪ್ಪಿಸಿದರು. ಹಡಗಿನಲ್ಲಿ ಕ್ಯಾಥೊಲಿಕ್ ಗುರುಗಳಿದ್ದರು. ಅದರಿಂದ ಅಮೆರಿಕದ ಕ್ಯಾಥೊಲಿಕರು ಪ್ರಕೃತಿಪೂಜಕರಾಗಿಬಿಡಲಿಲ್ಲ. ಅಲ್ಲಿನ ಸರ್ಕಾರಕ್ಕೂ ನಿಯಮ ಸರಳವಾಗಿದೆ: ದಡದಿಂದ ಮೂರು ನಾಟಿಕಲ್ ಮೈಲಿ ಆಚೆ, ಮೂವತ್ತು ದಿನದೊಳಗೆ ಪರಿಸರ ಸಂಸ್ಥೆಗೆ ಒಂದು ತಿಳಿವಳಿಕೆ. ಒಂದು ಸರ್ಕಾರಿ ಇಲಾಖೆಗೆ ಸಾಧ್ಯವಾದ ಸ್ಪಷ್ಟತೆ ಧರ್ಮಸಭೆಗೆ ಯಾಕೆ ಸಾಧ್ಯವಾಗಬಾರದು?

ಇಂಗ್ಲೆಂಡಿನ ಚರ್ಚ್ ಇಲ್ಲಿ ಬಹಳ ಮುಂದಿದೆ. ಅದರ 1662ರ ಪ್ರಾರ್ಥನಾ ಪುಸ್ತಕದಲ್ಲಿ ಕಡಲಲ್ಲಿ ಸತ್ತವರನ್ನು ಕಡಲಿಗೇ ಒಪ್ಪಿಸುವ ವಿಧಿ ಇದೆ; ಸಮುದ್ರವು ತನ್ನೊಳಗಿನ ಸತ್ತವರನ್ನು ಮರಳಿ ಕೊಡುವ ದಿನವನ್ನು ಅದು ಎದುರುನೋಡುತ್ತದೆ, ಪ್ರಕಟನೆ ಗ್ರಂಥದ ಇಪ್ಪತ್ತನೇ ಅಧ್ಯಾಯದಲ್ಲಿರುವಂತೆ. ದಹನ ಬಂದ ಮೇಲೆ ಅದರ ಬಿ 38ನೇ ಕ್ಯಾನನ್, ಸಭಾಪಾಲಕರು ಬೂದಿಯನ್ನು ಗೌರವದಿಂದ ಒಪ್ಪಿಸಬಹುದಾದ ಜಾಗಗಳ ಪಟ್ಟಿಯಲ್ಲಿ ಚರ್ಚಿನ ಆವರಣ ಮತ್ತು ಬಿಷಪ್ ಗೊತ್ತುಮಾಡಿದ ನೆಲದ ಜತೆ ಸಮುದ್ರವನ್ನೂ ಸೇರಿಸಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ 1944ರಲ್ಲಿ ತೀರಿಕೊಂಡಾಗ ಅವರ ದೇಹವನ್ನೇ ದಹಿಸಿದ್ದರು, ಆದ್ದರಿಂದ ಆ ಸಭೆಗೆ ಬೂದಿ ಪರಕೀಯವಲ್ಲ. ನೆಲದ ವಿಷಯದಲ್ಲಿ ಆ ಕ್ಯಾನನ್ ಬಿಗಿಯಾಗಿದೆ, ನನಗೂ ಅದು ಸರಿಯೆನಿಸುತ್ತದೆ. ಕಾಡು, ಬೆಟ್ಟ, ತೋಟಗಳಿಗೆ ಒಡೆಯರಿದ್ದಾರೆ, ಬೇರೆಯವರ ಕಾಲ ಓಡಾಟವಿದೆ. ಅಲ್ಲಿ ಗೊತ್ತುಮಾಡಿದ ಜಾಗವೊಂದು ಇರಲಿ. ಸಮುದ್ರಕ್ಕೆ ಶತಮಾನಗಳ ವಿಧಿಯೇ ಇದೆ.

ನಿಷೇಧದ ಪರವಾಗಿ ನಿಜಕ್ಕೂ ತೂಕವಿರುವ ವಾದ ಒಂದೇ, ಅದು ನೆನಪಿನದು. ಸತ್ತವರು ಮನೆಯವರಿಗೆ ಮಾತ್ರ ಸೇರಿದವರಲ್ಲ, ಇಡೀ ಸಭೆಗೆ ಸೇರಿದವರು. ಸಮಾಧಿ ಇದ್ದರೆ ಅಪರಿಚಿತನೂ ನಿಂತು ಪ್ರಾರ್ಥಿಸುತ್ತಾನೆ; ಬೂದಿ ಚೆದುರಿದರೆ ಒಂದು ತಲೆಮಾರಿಗೆ ಹೆಸರು ಅಳಿಯುತ್ತದೆ, ಬಡವರದು ಎಲ್ಲಕ್ಕಿಂತ ಮೊದಲು. ನವೆಂಬರ್ 2ರ ಸಕಲ ಆತ್ಮಗಳ ದಿನ ಮಂಗಳೂರಿನ ಯಾವುದೇ ಸಿಮಿತ್ರಿಗೆ ಹೋದವರಿಗೆ ಈ ವಾದದ ಬಲ ಗೊತ್ತು. ನಾನು ಇದನ್ನು ಹಗುರಾಗಿ ಕಾಣುವುದಿಲ್ಲ. ಆದರೆ 2023ರ ಟಿಪ್ಪಣಿ ಇಲ್ಲೇ ನೆರವಿಗೆ ಬರುತ್ತದೆ. ಹಲವರ ಬೂದಿಯನ್ನು ಬೇರ್ಪಡಿಸಲಾಗದಂತೆ ಬೆರೆಸಬಹುದು, ಪ್ರತಿಯೊಬ್ಬರ ಹೆಸರು ನಮೂದಾಗಿರಬೇಕು ಎಂಬುದು ಅದರ ಷರತ್ತು. ಹಾಗಾದರೆ ನೆನಪನ್ನು ಕಾಯುವುದು ಬೇರೆಯಾಗಿ ಉಳಿದ ಬೂದಿಯಲ್ಲ, ಹೆಸರು ಎಂದು ರೋಮ್ ಒಪ್ಪಿದಂತಾಯಿತು. ಅಮೆರಿಕದ ನೌಕಾಪಡೆ ಕಡಲಿಗೆ ಒಪ್ಪಿಸಿದ ಪ್ರತಿಯೊಬ್ಬರ ಮನೆಗೂ ದಿನ, ಹೊತ್ತು, ಅಕ್ಷಾಂಶ ರೇಖಾಂಶ ಬರೆದು ಕಳಿಸುತ್ತದೆ. ಧರ್ಮಕೇಂದ್ರದ ದಫ್ತರಿನಲ್ಲಿ ಅದೇ ವಿವರ, ಇಗರ್ಜಿಯ ಗೋಡೆಯಲ್ಲಿ ಒಂದು ಕಲ್ಲಿನ ಮೇಲೆ ಹೆಸರು, ನವೆಂಬರಿನ ಪ್ರಾರ್ಥನೆಯಲ್ಲಿ ಆ ಹೆಸರಿನ ಓದು. ಪಾದ್ರಿ ದೋಣಿ ಹತ್ತಿದರೆ ಮಾತ್ರ ಇದು ಆಗುವ ಕೆಲಸ. ಮನೆಯವರನ್ನು ಒಂಟಿಯಾಗಿ ಕಳಿಸಿದರೆ ಹೆಸರು ಅಲ್ಲೇ ಮುಳುಗುತ್ತದೆ.

ನಮ್ಮಲ್ಲಿ ತಡೆಯುವ ಸಂಗತಿ ಬೇರೆ. ಇಲ್ಲಿ ಬೂದಿ ನೀರಿಗೆ ಬಿದ್ದರೆ ನೋಡುವವರಿಗೆ ಕಾಣುವುದು ಅಸ್ಥಿ ವಿಸರ್ಜನೆ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ಹಿಂದೂ ಸಂಸ್ಕಾರದಂತೆ ಕಂಡೀತೆಂಬ ಅಳುಕು ಇಲ್ಲಿನ ಗುರುಗಳಿಗೆ ಸರ್ವೇಶ್ವರವಾದಕ್ಕಿಂತ ಹತ್ತಿರದ್ದು. ಆದರೆ ತೋರಿಕೆಯ ಈ ಭಯವನ್ನು ಭಾರತದ ಧರ್ಮಸಭೆ ಒಮ್ಮೆ ಗೆದ್ದಿದೆ. ಆರತಿ, ಅಂಜಲಿ, ನೆಲದ ಮೇಲೆ ಕುಳಿತು ಪೂಜೆ ಮುಂತಾದ ಹನ್ನೆರಡು ಅಂಶಗಳಿಗೆ ರೋಮ್ 1969ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕಾಗಿ ದುಡಿದ ಫಾದರ್ ಡಿ.ಎಸ್. ಅಮಲೋರ್‌ಪವದಾಸ್ 1967ರಲ್ಲಿ ಸ್ಥಾಪಿಸಿದ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಆರತಿ ತಟ್ಟೆ ಯಾರ ಮುಂದೆ ಸುಳಿಯುತ್ತಿದೆ, ಜತೆಗೆ ಯಾವ ಪ್ರಾರ್ಥನೆ ನಡೆದಿದೆ ಎಂಬುದೇ ಅದರ ಅರ್ಥವನ್ನು ತೀರ್ಮಾನಿಸುತ್ತದೆಂದು ಅಂದು ಒಪ್ಪಿದವರಿಗೆ ಬೂದಿಯ ಮುಂದೆ ಮಾತ್ರ ಅನುಮಾನ ಬರಬೇಕಾಗಿಲ್ಲ.

ಬೂದಿಯೂ ಇಲ್ಲಿನ ಕ್ರೈಸ್ತರಿಗೆ ಹೊಸದಲ್ಲ. 2020ರ ಜುಲೈನಲ್ಲಿ ಕೇರಳದ ಆಲಪ್ಪುಳ ಧರ್ಮಪ್ರಾಂತ್ಯ ಕೋವಿಡ್‌ನಿಂದ ಸತ್ತವರ ದಹನಕ್ಕೆ ಒಪ್ಪಿ, ಬೂದಿಯನ್ನು ಇಗರ್ಜಿಯ ಸ್ಮಶಾನದಲ್ಲಿ ಹೂಳಿತು. ಅಲ್ಲಿ ಆಳಕ್ಕೆ ಅಗೆದರೆ ಗುಂಡಿಯಲ್ಲಿ ನೀರು ಏಳುತ್ತದೆ, ಬೇರೆ ದಾರಿ ಇರಲಿಲ್ಲ. ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್, ಹದಿಹರೆಯದಲ್ಲಿ ಗುರುವಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ ಅದನ್ನು ಬಿಟ್ಟು ಬಂದವರು, 2019ರ ಜನವರಿ 29ರಂದು ತೀರಿಕೊಂಡಾಗ ಅವರ ದೇಹವನ್ನು ದೆಹಲಿಯ ಲೋಧಿ ರಸ್ತೆಯಲ್ಲಿ ದಹಿಸಿ, ಬೂದಿಯನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಿದರು. ದಹನ, ಸಮಾಧಿ ಎರಡನ್ನೂ ಅವರು ಬೇರೆ ಬೇರೆ ಕಾಲದಲ್ಲಿ ಬಯಸಿದ್ದರು, ಎರಡೂ ನೆರವೇರಿದವು. ಇನ್ನು ಸಮುದ್ರ. 2017ರ ನವೆಂಬರ್ ಕೊನೆಯ ಓಖಿ ಚಂಡಮಾರುತದಲ್ಲಿ ತಿರುವನಂತಪುರ, ಕನ್ಯಾಕುಮಾರಿ ಕರಾವಳಿಯ ಎಷ್ಟೋ ಕ್ಯಾಥೊಲಿಕ್ ಮೀನುಗಾರರು ಮರಳಲೇ ಇಲ್ಲ. ದೇಹವೇ ಇಲ್ಲದೆ ಅವರಿಗಾಗಿ ಪ್ರಾರ್ಥನೆಗಳು ನಡೆದವು. ಅವರನ್ನು ದೇವರು ಕಡಲಿನಿಂದ ಎಬ್ಬಿಸುತ್ತಾನೆಂದು ನಂಬುವ ಸಭೆಗೆ, ಅದೇ ಕಡಲಿಗೆ ಪ್ರೀತಿಯಿಂದ ಬಿಟ್ಟ ಬೂದಿಯ ಬಗ್ಗೆ ಹೇಳಲು ಮಾತಿಲ್ಲವೆನ್ನುವುದನ್ನು ನಾನು ನಂಬುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಈ ದೇಶದಲ್ಲಿ ಹೂಳುವ ಹಕ್ಕೇ ಅಪಾಯದಲ್ಲಿದೆ. 2020ರ ಮಾರ್ಚ್ 30ರಂದು ಮುಂಬೈ ಪಾಲಿಕೆ ಕೋವಿಡ್‌ನಿಂದ ಸತ್ತವರೆಲ್ಲರನ್ನೂ ಧರ್ಮಭೇದವಿಲ್ಲದೆ ಸುಡಬೇಕೆಂದು ಆದೇಶಿಸಿ ಅದೇ ದಿನ ಹಿಂತೆಗೆದುಕೊಂಡಿತು. ಛತ್ತೀಸಗಢದ ಛಿಂದವಾಡಾದಲ್ಲಿ 2025ರ ಜನವರಿ 7ರಂದು ತೀರಿಕೊಂಡ ಪಾಸ್ಟರ್ ಒಬ್ಬರ ದೇಹ ಹುಟ್ಟೂರಿನಲ್ಲಿ ಜಾಗ ಸಿಗದೆ ಶವಾಗಾರದಲ್ಲೇ ಉಳಿಯಿತು. ಸುಪ್ರೀಂ ಕೋರ್ಟಿನಲ್ಲಿ ಅವರ ಸ್ವಂತ ಹೊಲದಲ್ಲಿ ಹೂಳಲು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಿದರು, ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಒಪ್ಪಲಿಲ್ಲ. ಕೊನೆಗೆ ಜನವರಿ 27ರಂದು, ಸುಮಾರು 20ರಿಂದ 25 ಕಿಲೋಮೀಟರ್ ದೂರದ ಕರ್ಕಾಪಾಲ್ ಸ್ಮಶಾನಕ್ಕೆ ಒಯ್ಯುವಂತೆ ಪೀಠ ಹೇಳಿತು. ಧರ್ಮಸಭೆ ಬೂದಿಯನ್ನು ನೀರಿಗೆ ಬಿಡಲು ಒಪ್ಪಿದ ಮರುದಿನ ‘ನಿಮಗೆ ನೆಲ ಯಾಕೆ ಬೇಕು’ ಎಂದು ಕೇಳುವ ಅಧಿಕಾರಿಗಳು ಹುಟ್ಟಿಕೊಳ್ಳುತ್ತಾರೆ. ಆದ್ದರಿಂದ ಅನುಮತಿಯ ಮೊದಲ ಸಾಲಿನಲ್ಲೇ ಹೂಳುವುದು ಕ್ರೈಸ್ತರ ಹಕ್ಕು ಮತ್ತು ಧರ್ಮಸಭೆಯ ಮೊದಲ ಆಯ್ಕೆ ಎಂದು ಬರೆದಿರಬೇಕು. ಕಡಲು ಸತ್ತವರ ಸ್ವಂತ ಇಚ್ಛೆಯಿಂದ ಮಾತ್ರ, ಬರವಣಿಗೆಯಲ್ಲಿ ಅಥವಾ ಸಾಕ್ಷಿಗಳ ಮುಂದೆ ಹೇಳಿದ ಇಚ್ಛೆಯಿಂದ. 1963ರ ಕೋಲಿಗೆ ಬೇಕಾದ ಉದ್ದೇಶದ ಸಾಕ್ಷ್ಯವೂ ಅದೇ ಕಾಗದ.

ಜುಪ್ಪಿ ಬೊಲೊನ್ಯಾದಿಂದ ಬರೆದದ್ದು ಅಕ್ಟೋಬರ್ ಕೊನೆಯಲ್ಲಿ, ಉತ್ತರ ಬಂದದ್ದು ಡಿಸೆಂಬರ್ ಎರಡನೇ ವಾರದಲ್ಲಿ. ಪ್ರಶ್ನೆ ಕೇಳುವ ಬಾಗಿಲು ಯಾವ ಧರ್ಮಾಧ್ಯಕ್ಷರಿಗೂ ತೆರೆದಿದೆ. ಮಂಗಳೂರು, ಉಡುಪಿ, ಕಾರವಾರ ಮೂರೂ ಕಡಲಿನ ಧರ್ಮಪ್ರಾಂತ್ಯಗಳು. ಅವುಗಳ ಮಕ್ಕಳು ಕೊಲ್ಲಿ ದೇಶಗಳಲ್ಲೂ ಕೆನಡಾದಲ್ಲೂ ಬದುಕಿ ಸಾಯುತ್ತಿದ್ದಾರೆ, ಬೂದಿಯಾಗಿ ಮನೆಗೆ ಬರುತ್ತಿದ್ದಾರೆ. ಈ ಮೂರರ ಧರ್ಮಾಧ್ಯಕ್ಷರಲ್ಲಿ ಒಬ್ಬರು ಮೂರನೇ ಪ್ರಶ್ನೆ ಬರೆಯಲಿ: ವಿಶ್ವಾಸವನ್ನು ಧಿಕ್ಕರಿಸುವ ಯಾವ ಉದ್ದೇಶವೂ ಇಲ್ಲದ ವಿಶ್ವಾಸಿಯ ಬೂದಿಯನ್ನು, ಹೆಸರು ದಾಖಲಿಸಿ, ಧರ್ಮಸಭೆಯ ಪ್ರಾರ್ಥನೆಯೊಡನೆ ಗುರುಗಳೊಬ್ಬರು ಸಮುದ್ರಕ್ಕೆ ಒಪ್ಪಿಸಬಹುದೇ? ಇಲ್ಲ ಎಂದೇ ಉತ್ತರ ಬಂದರೆ, ದಹನಕ್ಕೆ ಸಲ್ಲುವ 1963ರ ಮಾನದಂಡ ಬೂದಿಗೆ ಏಕೆ ಸಲ್ಲುವುದಿಲ್ಲ ಎಂಬುದನ್ನು ರೋಮ್ ಆ ಉತ್ತರದಲ್ಲಿ ಬರೆಯಬೇಕಾಗುತ್ತದೆ. 2016ರ ಸೂಚನೆಯಲ್ಲಿ ಆ ವಿವರಣೆ ಇಲ್ಲ.